ಜೊಂಡಿನ ಕಡೆಗೆ ಒಂದು ಭಾನುವಾರ

20 ಅಕ್ಟೋಬರ್ 2024, ಭಾನುವಾರ

ದೇವರಾಯನದುರ್ಗದ ತಪ್ಪಲಿನ ಸಣ್ಣ ಕೆರೆಗೆ ಅಕ್ಕನ ಮಗನ ಜೊತೆ ಹೋದೆ. ತಲುಪುವಾಗ ಒಂಬತ್ತು ದಾಟಿತ್ತು. ಏರೋಪ್ಲೇನ್ ಚಿಟ್ಟೆ ನೋಡಲು ನಸುಕಿಗೇ ಏಳಬೇಕಿಲ್ಲ, ಮೈಗೆ ಬಿಸಿಲು ತಾಗಿದ ಮೇಲೆಯೇ ಅವು ಚುರುಕಾಗುವುದು.

ಏರಿ ಮೇಲೆ ವಾಂಡರಿಂಗ್ ಗ್ಲೈಡರ್ ಅನ್ನುವ ಏರೋಪ್ಲೇನ್ ಚಿಟ್ಟೆಗಳ ದೊಡ್ಡ ಗುಂಪು. ಇವು ಕೂರುವುದೇ ಅಪರೂಪ. ಮುಂಗಾರು ಮುಗಿಯುವ ಈ ಹೊತ್ತಿಗೆ ಇದೇ ಜಾತಿಯವು ಮಾಲ್ಡೀವ್ಸ್ ಮೇಲಿಂದ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ, ಅಷ್ಟು ತೆಳು ರೆಕ್ಕೆಯಲ್ಲಿ! "ಇಷ್ಟು ಕೆಳಗೆ ಹಾರ್ತಾವೆ ಅಂದ್ರೆ ಮಳೆ ಐತೆ ಕಣಪ್ಪ" ಅಂದರು ಕುರಿ ಕಾಯುತ್ತಿದ್ದ ಅಜ್ಜ.

ನನಗೆ ಬೇಕಿದ್ದದ್ದು ಕೆರೆಯ ಹಿಂಭಾಗ, ಹಳ್ಳದ ನೀರು ಬಂದು ಸೇರುವ ಜಾಗ. ಅಲ್ಲಿ ಎದೆಯುದ್ದ ಜೊಂಡು, ಕೆಳಗೆ ಬರೀ ಕೆಸರು. ಸುಮ್ನೆ ನಿಂತರೆ ಸಾಕು, ಒಂದೊಂದೇ ಕಣ್ಣಿಗೆ ಬೀಳುತ್ತವೆ. ಕೋರಮಂಡಲ್ ಮಾರ್ಷ್ ಡಾರ್ಟ್ ಅನ್ನುವ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಸಣಕಲು ನೆಂಟ) ಜೋಡಿ ಸಿಕ್ಕಿತು. ಅರಿಶಿನ ಬಣ್ಣದ ಗಂಡು ಬಾಲದ ತುದಿಯಿಂದ ಹೆಣ್ಣಿನ ಕತ್ತಿನ ಹಿಂದೆ ಹಿಡಿದು ನೆಟ್ಟಗೆ ನಿಂತಿತ್ತು, ಹೆಣ್ಣು ಬಾಲ ಬಗ್ಗಿಸಿ ನೀರಿನ ಗಿಡದ ದಂಟಿಗೆ ಮೊಟ್ಟೆ ಸೇರಿಸುತ್ತಿತ್ತು. ರೆಕ್ಕೆ ಬೆನ್ನ ಮೇಲೆ ಮಡಚಿ ಕೂತರೆ ಡ್ಯಾಮ್ಸೆಲ್, ಅಗಲಿಸಿ ಕೂತರೆ ಡ್ರ್ಯಾಗನ್‌ಫ್ಲೈ, ಅಂದರೆ ಏರೋಪ್ಲೇನ್ ಚಿಟ್ಟೆ ಅಂತ ಹುಡುಗನಿಗೆ ಹೇಳಿಕೊಟ್ಟೆ. ಎಲ್ಲಕ್ಕೂ ಅಲ್ಲ, ಆದರೆ ಹೆಚ್ಚಿನವಕ್ಕೆ ಈ ಗುರುತು ಸಾಕು.

"ಮಾವ, ಇಲ್ಲೊಂದು ಸತ್ತ ಹುಳ!" ಅಂದ ಅವನು. ಸತ್ತದ್ದಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ ಕಳಚಿಟ್ಟ ಪೊರೆ. ಆರೂ ಕಾಲು ಜೊಂಡಿನ ಎಲೆಯನ್ನು ಕಚ್ಚಿಕೊಂಡಿದ್ದವು, ಬೆನ್ನು ಸೀಳಿತ್ತು, ಸೀಳಿನಿಂದ ನೂಲಿನಂಥ ಬಿಳಿ ಎಳೆಗಳು ಇಣುಕುತ್ತಿದ್ದವು. ಅವು ಉಸಿರಿನ ಕೊಳವೆಗಳ ಒಳಪದರ. ನೀರಿನಲ್ಲಿ ಸೊಳ್ಳೆ ಮರಿ, ಗೊದಮೊಟ್ಟೆ ತಿಂದು ಬೆಳೆದ ಮರಿ ಹೀಗೆ ಎಲೆ ಹತ್ತಿ ಬಂದು ರೆಕ್ಕೆ ಬಿಚ್ಚಿ ಹಾರಿದೆ. ಹುಡುಕಿದಂತೆ ಇಂಥ ಪೊರೆಗಳು ಸಿಗುತ್ತಲೇ ಹೋದವು.

ಕಲ್ಲು ಹಾಸಿದ ಏರಿ ಕಡೆ ಪೊರೆ ಒಂದೂ ಸಿಗಲಿಲ್ಲ, ಡ್ಯಾಮ್ಸೆಲ್‌ಫ್ಲೈಯಂತೂ ಇಲ್ಲವೇ ಇಲ್ಲ. ಮೊಟ್ಟೆಗೂ ದಂಟು ಬೇಕು, ಹತ್ತಿ ಬರಲೂ ದಂಟು ಬೇಕು ಅಲ್ವಾ? ಅಭಿವೃದ್ಧಿ ಅಂತ ಕೆರೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿದ ಕಡೆ ಕೊನೆಗೆ ಜಾಸ್ತಿ ಉಳಿಯುವುದು ಡಿಚ್ ಜ್ಯುವೆಲ್ ಥರದ ಏರೋಪ್ಲೇನ್ ಚಿಟ್ಟೆಗಳು, ಕೊಳಕು ನೀರನ್ನೂ ತಡೆದುಕೊಳ್ಳುವಂಥವು. ಈ ಕೆರೆಗೂ ಕೆಲಸ ಬರುತ್ತದಂತೆ, ಅಜ್ಜ ಹೇಳಿದರು. ಹೂಳು ಎತ್ತಲಿ, ತೂಬು ರಿಪೇರಿ ಆಗಲಿ, ಊರಿಗೆ ಅದು ಬೇಕೇ ಬೇಕು. ಹಳ್ಳದ ಬಾಯಿಯ ಜೊಂಡನ್ನು ಮಾತ್ರ ಮುಟ್ಟಬೇಡಿ ಎಂದು ಈ ವಾರವೇ ಪಂಚಾಯಿತಿಗೆ ಹೋಗಿ, ಫೋಟೊಗಳನ್ನು ತೋರಿಸಿ ಕೇಳುತ್ತೇನೆ.