ಪೈಪಿನಲ್ಲಿ ಸದ್ದು, ಸಿಡಿಯಲ್ಲಿ ಬೆಳಕು: ಅಲೆ ಅಳೆಯುವ ಕೆಲಸ ಎಲ್ಲಿಗೆ ಬಂತು

ಟೇಪು, ಪಿವಿಸಿ ಪೈಪು, ಹಳೇ ಸಿಡಿ. ಇಷ್ಟನ್ನೇ ಇಟ್ಟುಕೊಂಡು ಸದ್ದಿನ ಅಲೆ ಎಷ್ಟು ಉದ್ದ, ಬೆಳಕಿನ ಅಲೆ ಎಷ್ಟು ಉದ್ದ ಅಂತ ಅಳೆಯಬೇಕು ಅನ್ನೋದು ನನ್ನ ಹಟ. ಕುವೆಂಪುನಗರದ ನಮ್ಮ ಮನೆಯ ಹಿತ್ತಲು, ಹಾಲು ಎರಡೂ ಸದ್ಯಕ್ಕೆ ಇದಕ್ಕೇ ಮೀಸಲು. ಸದ್ದಿನ ಭಾಗ ಹೆಚ್ಚುಕಡಿಮೆ ಮುಗಿದಿದೆ. ಬೆಳಕಿನದು ಇನ್ನೂ ಸ್ವಲ್ಪ ಬಾಕಿ ಇದೆ.

ಸದ್ದು

ಹಿತ್ತಲಲ್ಲಿ ನೀಲಿ ಡ್ರಮ್ಮಿನ ತುಂಬ ನೀರು. ಅದರೊಳಗೆ ಒಂದೂಕಾಲು ಇಂಚಿನ, ಒಂದು ಮೀಟರ್ ಉದ್ದದ ಪೈಪು. ಪೈಪಿನ ಬಾಯಿ ಹತ್ತಿರ ಮೊಬೈಲು ಹಿಡಿದು, ಆ್ಯಪಿನಲ್ಲಿ 500 ಹರ್ಟ್ಸ್ (ಅಂದರೆ ಸೆಕೆಂಡಿಗೆ 500 ಸಲ ಕಂಪಿಸುವ) ಸ್ವರ ಬಿಟ್ಟು, ಪೈಪನ್ನು ನಿಧಾನವಾಗಿ ಮೇಲೆತ್ತಬೇಕು. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಒಂದು ಎತ್ತರಕ್ಕೆ ಬಂದಾಗ ಸದ್ದು ಇದ್ದಕ್ಕಿದ್ದಂತೆ ಉಬ್ಬುತ್ತದೆ. ಇನ್ನೊಂದು ಚೂರು ಎತ್ತಿದರೆ ಮತ್ತೆ ಇಳಿಯುತ್ತದೆ. ಪೈಪಿನೊಳಗೆ ಹೋದ ಅಲೆ ನೀರಿಗೆ ತಾಗಿ ವಾಪಸ್ ಬಂದು, ಹೊಸದಾಗಿ ಹೊರಡುವ ಅಲೆಯ ಜೊತೆ ಹೆಜ್ಜೆ ಕೂಡಿಸುವ ಜಾಗ ಅದು. ಆಗ ನೀರಿನ ಮೇಲಿರುವ ಗಾಳಿಯ ಉದ್ದ ಅಲೆಯ ಕಾಲು ಭಾಗ.

ಕಾಲು ಭಾಗ ಅಂದರೂ ಪೂರ್ತಿ ಕಾಲಲ್ಲ. ಅಲೆ ಪೈಪಿನ ಬಾಯಿಂದ ಸ್ವಲ್ಪ ಆಚೆಗೂ ಚಾಚಿರುತ್ತದೆ, ಪೈಪಿನ ತ್ರಿಜ್ಯದ ಸುಮಾರು 0.6 ಪಾಲು. ಈ ತಲೆನೋವು ಬೇಡ ಅಂದರೆ ಇನ್ನೂ ಮೇಲೆತ್ತಿ ಎರಡನೇ ಉಬ್ಬನ್ನು ಹುಡುಕಬೇಕು, ಅದು ಮುಕ್ಕಾಲು ಅಲೆ. ಎರಡನ್ನೂ ಕಳೆದರೆ ಬಾಯಿಯ ಲೆಕ್ಕ ತಾನಾಗಿ ಹೊರಟುಹೋಗಿ ಸರಿಯಾಗಿ ಅರ್ಧ ಅಲೆ ಉಳಿಯುತ್ತದೆ. ನನಗೆ ಸಿಕ್ಕಿದ್ದು 16.3 ಮತ್ತು 51 ಸೆಂಟಿಮೀಟರ್. ವ್ಯತ್ಯಾಸ 34.7, ಅಂದರೆ ಪೂರ್ತಿ ಅಲೆ 69.4 ಸೆಂಟಿಮೀಟರ್. ಅದನ್ನು 500ರಿಂದ ಗುಣಿಸಿದರೆ ಸದ್ದಿನ ವೇಗ ಸೆಕೆಂಡಿಗೆ 347 ಮೀಟರ್. ಅವತ್ತು ಹಿತ್ತಲಲ್ಲಿ 28 ಡಿಗ್ರಿ ಇತ್ತು. ಸೊನ್ನೆ ಡಿಗ್ರಿಯಲ್ಲಿ ಸದ್ದಿನ ವೇಗ 331, ಮೇಲಿನ ಒಂದೊಂದು ಡಿಗ್ರಿಗೂ 0.6 ಸೇರಿಸುತ್ತಾ ಹೋದರೆ 348 ಹತ್ತಿರ ಬರುತ್ತದೆ.

ಇಷ್ಟು ಹತ್ತಿರ ಬಂತು ಅಂತ ಬೀಗುವ ಹಾಗಿಲ್ಲ. ಉಬ್ಬು ಅನ್ನೋದು ಒಂದು ಗೆರೆಯಲ್ಲ, ಸುಮಾರು ಅರ್ಧ ಸೆಂಟಿಮೀಟರ್ ಅಗಲ ಇರುತ್ತದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಆಡಿಸಿ, ನಡುವೆ ಮಾರ್ಕರ್‌ನಿಂದ ಗುರುತು ಹಾಕಬೇಕು. ಒದ್ದೆ ಪೈಪಿನ ಮೇಲೆ ಆ ಗುರುತೂ ಸರಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ಈ 347 ಐದು ಮೀಟರ್ ಆಚೀಚೆ ಇರಬಹುದು.

ಸ್ವರವನ್ನು 1000 ಹರ್ಟ್ಸ್‌ಗೆ ಏರಿಸಿದೆ. ಅಲೆ ಅರ್ಧಕ್ಕೆ ಇಳಿಯಿತು, ವೇಗ ಮಾತ್ರ ಅಷ್ಟೇ. ಇರಲೇಬೇಕಲ್ವಾ? ಏರುಸ್ವರ, ಇಳಿಸ್ವರ ಬೇರೆ ಬೇರೆ ವೇಗದಲ್ಲಿ ಓಡುವಂತಿದ್ದರೆ ದೂರದ ದೇವಸ್ಥಾನದ ನಾದಸ್ವರ, ಡೋಲು ನಮ್ಮ ಕಿವಿಗೆ ಬರುವಷ್ಟರಲ್ಲಿ ತಾಳ ತಪ್ಪಿಬಿಡುತ್ತಿದ್ದವು.

ಬೆಳಕು

ಸಿಡಿಯ ಮೇಲಿನ ಗೀರುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಇದನ್ನು ನಾನು ಅಳೆಯಬೇಕಿಲ್ಲ, ಸಿಡಿ ಮಾಡುವಾಗಲೇ ನಿಗದಿಯಾದ ಅಳತೆ. ಗೋಡೆಯಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಸಿಡಿಯನ್ನು ನೆಟ್ಟಗೆ ನಿಲ್ಲಿಸಿ, ಗೋಡೆ ಕಡೆಯಿಂದ ಕೆಂಪು ಲೇಸರ್ ಬಿಟ್ಟೆ. ಗೀರುಗಳಿಗೆ ತಾಗಿ ಚಿಮ್ಮಿದ ಬೆಳಕು ಗೋಡೆಯ ಮೇಲೆ ಬೇರೆ ಬೇರೆ ಚುಕ್ಕೆಗಳಾಗಿ ಬೀಳುತ್ತದೆ. ಸಿಡಿಯ ನಡುವಿನ ತೂತಿನ ಎಡಕ್ಕೋ ಬಲಕ್ಕೋ, ಅದೇ ಎತ್ತರದಲ್ಲಿ ಬೆಳಕು ಬೀಳಬೇಕು. ತೂತಿನ ಮೇಲೋ ಕೆಳಗೋ ಬಿದ್ದರೆ ಚುಕ್ಕೆಗಳು ಅಡ್ಡಕ್ಕೆ ಹರಡದೆ ಚಾವಣಿಗೂ ನೆಲಕ್ಕೂ ಹೋಗುತ್ತವೆ. ಸಿಡಿಯಿಂದ ಚಿಮ್ಮಿದ ಲೇಸರ್ ಕೂಡ ಕಣ್ಣಿಗೆ ಬೀಳಬಾರದು, ಮಕ್ಕಳಿದ್ದರೆ ಹುಷಾರು.

ನಡುವಿನ ಚುಕ್ಕೆಯಿಂದ ಪಕ್ಕದ ಚುಕ್ಕೆಗೆ 44.8 ಸೆಂಟಿಮೀಟರ್. ಕೋನ 24 ಡಿಗ್ರಿಗಿಂತ ಕೂದಲೆಳೆ ಜಾಸ್ತಿ. ಅದರ ಸೈನ್ ಅನ್ನು 1.6ರಿಂದ ಗುಣಿಸಿದರೆ 0.654 ಮೈಕ್ರೋಮೀಟರ್, ಅಂದರೆ 654 ನ್ಯಾನೋಮೀಟರ್. ಲೇಸರ್ ಮೇಲಿನ ಚೀಟಿಯಲ್ಲಿ 630ರಿಂದ 680 ಅಂತ ಇದೆ. ಬಟ್ಟೆ ಹೊಲಿಯುವ ಟೇಪಿನಲ್ಲಿ ಬೆಳಕಿನ ಅಲೆ ಅಳೆದದ್ದು ನನಗಂತೂ ಸಖತ್ ಖುಷಿ ಕೊಟ್ಟಿತು.

ಬೆಳಕಿನ ಆವೃತ್ತಿಯನ್ನು ಮನೆಯಲ್ಲಿ ಅಳೆಯೋದು ಆಗದ ಮಾತು. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಅಂತ ತೆಗೆದುಕೊಂಡು ಭಾಗಿಸಿದರೆ ಈ ಕೆಂಪು ಅಲೆ ಸೆಕೆಂಡಿಗೆ ಸುಮಾರು 460 ಲಕ್ಷ ಕೋಟಿ ಸಲ ಕಂಪಿಸುತ್ತದೆ. ವೇಗದ ವ್ಯತ್ಯಾಸ ನೋಡಬೇಕೆಂದರೆ ಜಂಬೂಸವಾರಿ ದಿನದ ಕುಶಾಲತೋಪು ಸಾಕು. ಒಂದು ಕಿಲೋಮೀಟರ್ ದೂರದ ತಾರಸಿಯಿಂದ ನೋಡಿದರೆ ಬೆಂಕಿ ಕಂಡು ಮೂರು ಸೆಕೆಂಡ್ ಆದಮೇಲೆ ಢಂ ಅನ್ನುತ್ತದೆ.

ಮೂಲೆಯ ಪ್ರಶ್ನೆ

ಪೈಪು ಕೂಗುತ್ತಿದ್ದಾಗ ಅಡುಗೆಮನೆಯಿಂದ ಅಮ್ಮ, “ಏನೋ ಅದು, ಕಿವಿ ತೂತಾಗ್ತಿದೆ!” ಅಂದರು. ನಾನಿದ್ದದ್ದು ಗೋಡೆಯ ಆಚೆ, ಅವರಿಗೆ ಕಾಣಿಸುವ ಹಾಗಿರಲಿಲ್ಲ. ಸೆಕೆಂಡ್ ಪಿಯು ಓದುವ ಅಕ್ಕನ ಮಗ ತಕ್ಷಣ ಹಿಡಿದುಕೊಂಡ. “ಮಾವ, ಎರಡೂ ಅಲೆ ಅಂತೀರಿ. ಸದ್ದು ಮೂಲೆ ತಿರುಗಿ ಹೋಯ್ತು, ಬೆಳಕು ಯಾಕೆ ಹೋಗಲಿಲ್ಲ?”

ನಮ್ಮ ಎರಡು ಅಳತೆಗಳಲ್ಲೇ ಉತ್ತರ ಇತ್ತು. ಸದ್ದಿನ ಅಲೆ 69 ಸೆಂಟಿಮೀಟರ್, ಅಡುಗೆಮನೆ ಬಾಗಿಲು 90. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಹಾಗಿದ್ದಾಗ ಅಲೆ ಬಾಗಿಲು ದಾಟಿದ ಮೇಲೆ ಸುತ್ತಲೂ ಹರಡುತ್ತದೆ. ಬೆಳಕಿನ ಅಲೆ ಅದಕ್ಕಿಂತ ಹತ್ತು ಲಕ್ಷ ಪಟ್ಟು ಚಿಕ್ಕದು. ಅದಕ್ಕೆ ಬಾಗಿಲು ಅಂದರೆ ದೊಡ್ಡ ಬಯಲು, ನೇರವಾಗಿ ಹೊರಟುಹೋಗುತ್ತದೆ. ಅದೇ ಬೆಳಕಿಗೆ ತನ್ನ ಅಲೆಯ ಎರಡೂವರೆ ಪಟ್ಟಿನ ಅಂತರ ಸಿಕ್ಕಿದರೆ? ಸಿಡಿ ಮೇಲೆ 24 ಡಿಗ್ರಿ ತಿರುಗಿತಲ್ಲ, ಅದೇ. ಪುಸ್ತಕದಲ್ಲಿ ಇದನ್ನೇ ವಿವರ್ತನೆ ಅಂತ ಓದಿ ಅವನು ಅಂಕವನ್ನೂ ತಗೊಂಡಿದ್ದಾನೆ.

ಬಾಕಿ ಇರುವುದು

ಡಿಸೆಂಬರ್ ಬೆಳಿಗ್ಗೆ 18 ಡಿಗ್ರಿಯಲ್ಲಿ ಪೈಪಿನ ಕೆಲಸ ಮತ್ತೊಮ್ಮೆ. ಅರ್ಧ ಅಲೆ 6 ಮಿಲಿಮೀಟರ್ ಕುಗ್ಗಬೇಕು, ನನ್ನ ಕಿವಿಗೆ ಅದು ಸಿಗುವುದು ಕಷ್ಟ. ಇನ್ನೊಂದು ಮೊಬೈಲಿನಲ್ಲಿ ಸದ್ದಿನ ಮಟ್ಟ ತೋರಿಸುವ ಆ್ಯಪ್ ಹಾಕಿಕೊಳ್ಳಬೇಕು. ಲೇಸರ್ ಕಡೆ, ಸಿಡಿ ತೆಗೆದು ಡಿವಿಡಿ ಇಡುವುದಿದೆ. ಅದರ ಗೀರಿನ ಅಂತರ 0.74 ಮೈಕ್ರೋಮೀಟರ್, ಹಾಗಾಗಿ ಚುಕ್ಕೆ 62 ಡಿಗ್ರಿ ಆಚೆ ಬೀಳುತ್ತದೆ. ಒಂದು ಮೀಟರ್ ದೂರಕ್ಕೆ ಹೆಚ್ಚುಕಡಿಮೆ 1.9 ಮೀಟರ್ ಪಕ್ಕಕ್ಕೆ. ಹಾಲಿನ ಗೋಡೆ ಅಷ್ಟು ಅಗಲ ಇದೆ, ಆದರೆ ನಡುವೆ ಟಿವಿ ಸ್ಟ್ಯಾಂಡ್ ಇದೆ. ಅದನ್ನು ಸರಿಸೋಕೆ ಅಮ್ಮನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.