ಮುಚ್ಚಿದ ಕೊಳವೆಯಲ್ಲಿ ಸಿಕ್ಕ ಪಂಚಮ

ಕೊಳಲಿನ ದನಿಯೆಂದರೆ ಊದುವವನ ಉಸಿರೇ ಎಂದು ನಾನು ಬಹುಕಾಲ ನಂಬಿದ್ದೆ. ಒಂದು ಭಾನುವಾರ, ನಲ್ಲಿ ಕೆಲಸದಲ್ಲಿ ಉಳಿದ ಪ್ಲಾಸ್ಟಿಕ್ ಕೊಳವೆಯನ್ನು ಸರಿಯಾಗಿ 30 ಸೆಂಟಿಮೀಟರಿಗೆ ಕೊಯ್ದು, ಅಂಚನ್ನು ಉಜ್ಜಿ ನಯಮಾಡಿ, ಶ್ರುತಿ ತೋರಿಸುವ ಮೊಬೈಲ್ ಆ್ಯಪನ್ನು ಎದುರಿಗಿಟ್ಟುಕೊಂಡು ಕುಳಿತಾಗ ಆ ನಂಬಿಕೆ ಕಳಚಿತು.

ಮೊದಲ ಅರ್ಧ ಗಂಟೆ ಬರೀ ಬುಸುಗುಟ್ಟುವ ಸದ್ದು. ಜೋರಾಗಿ ಊದಿದಷ್ಟೂ ತಲೆ ಸುತ್ತಿತೇ ಹೊರತು ಸ್ವರ ಹುಟ್ಟಲಿಲ್ಲ. ಕೊಳವೆಯ ಕೆಳತುದಿಯನ್ನು ಅಂಗೈಯಿಂದ ಮುಚ್ಚಿ, ಅದರ ಮೇಲಿನ ಬಾಯಿಯನ್ನು ನನ್ನ ಕೆಳತುಟಿಗೆ ಆನಿಸಿ, ಎದುರಿನ ಅಂಚಿಗೆ ತಾಗುವಂತೆ ಮೆಲ್ಲಗೆ ಊದಿದಾಗ ದನಿ ಬಂತು. ಅದರೊಂದಿಗೆ ಅಂಗೈಯಲ್ಲಿ ಜುಮ್ಮೆನ್ನುವ ಸಣ್ಣ ನಡುಕವೂ ತಿಳಿಯಿತು. ತುದಿ ಮುಚ್ಚಿದ್ದರಿಂದ ಉಸಿರು ಕೊಳವೆಯನ್ನು ಹಾದುಹೋಗುವ ಮಾತೇ ಇರಲಿಲ್ಲ. ಉಸಿರಿನ ತೆಳು ಎಳೆ ಅಂಚಿಗೆ ಬಡಿದು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗಾಡುತ್ತದೆ. ಆ ತೂಗಾಟದ ಲಯವನ್ನು ಗೊತ್ತುಮಾಡುವುದು ತಳಕ್ಕೆ ಹೋಗಿ ಮರಳುವ ಒತ್ತಡದ ಅಲೆ. ಕೈಗೆ ತಿಳಿದದ್ದು ಆ ಒತ್ತಡವೇ ಇರಬೇಕು.

ಕೋಣೆ 20 ಡಿಗ್ರಿಯಷ್ಟು ತಂಪಾಗಿತ್ತು. ಆ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅಲೆಯ ಉದ್ದ ಕೊಳವೆಯ ನಾಲ್ಕರಷ್ಟಿರುವುದರಿಂದ 286 ಹರ್ಟ್ಸ್, ಅಂದರೆ ಸೆಕೆಂಡಿಗೆ 286 ಕಂಪನ, ಬರಬೇಕಿತ್ತು. ಆ್ಯಪ್ 272 ತೋರಿಸಿತು. ಕೊಯ್ದದ್ದು ತಪ್ಪಿತೇ ಎಂದು ಮತ್ತೆ ಅಳೆದರೆ ಅಳತೆ ಸರಿಯಾಗಿಯೇ ಇತ್ತು. ತಪ್ಪಿದ್ದುದು ನನ್ನ ಎಣಿಕೆಯಲ್ಲಿ: ಅಲೆ ಕೊಳವೆಯ ಬಾಯಲ್ಲೇ ತಿರುಗದೆ ತುಸು ಆಚೆ ಹೋಗಿ ಮರಳುತ್ತದೆ. ಪೂರ್ತಿ ತೆರೆದ ತುದಿಯಲ್ಲಿ ಈ ಹೆಚ್ಚುವರಿ ಉದ್ದ ತ್ರಿಜ್ಯದ ಸುಮಾರು 0.6ರಷ್ಟು, ತುಟಿ ಅರ್ಧ ಮುಚ್ಚಿದ ಬಾಯಲ್ಲಿ ಅದಕ್ಕಿಂತ ಹೆಚ್ಚು. ಒಂದೂವರೆ ಸೆಂಟಿಮೀಟರ್ ಸೇರಿಸಿದಾಗ ಲೆಕ್ಕ ತಾಳೆಯಾಯಿತು.

ನಿಜವಾದ ಅಚ್ಚರಿ ಇನ್ನೂ ಮುಂದಿತ್ತು. ಮೇಲಿನ ಷಡ್ಜ, ಅಂದರೆ ಮೂಲ ಸ್ವರದ ಎರಡರಷ್ಟು ಕಂಪನದ ಸ್ವರ, ಸಿಗಲೆಂದು ಬಿರುಸಾಗಿ ಊದಿದರೆ ಅದನ್ನು ಹಾರಿಸಿ ಅದರ ಮೇಲಿನ ಪಂಚಮವೇ ನುಡಿಯಿತು, ಮೂಲ ಸ್ವರದ ಮೂರರಷ್ಟು. ಅಂಗೈ ತೆಗೆದಾಗ ಮೂಲ ಸ್ವರವೇ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೇರಿತು, ಬಿರುಸಾಗಿ ಊದಿದರೆ ಅದರ ಮೇಲಿನ ಷಡ್ಜವೂ ಬಂತು. ಮುಚ್ಚಿದ ತುದಿಯಲ್ಲಿ ಗಾಳಿ ಅಲುಗಲಾರದು, ತೆರೆದ ತುದಿಯಲ್ಲಿ ಅತಿ ಹೆಚ್ಚು ಅಲುಗಬೇಕು. ಈ ಎರಡು ಕಟ್ಟುಪಾಡಿಗೆ ಹೊಂದುವುದು 1, 3, 5ರಂಥ ಬೆಸ ಪಟ್ಟುಗಳು ಮಾತ್ರ. ಕ್ಲಾರಿನೆಟ್‌ನಲ್ಲೂ ಆಗುವುದು ಇದೇ, ಏಕೆಂದರೆ ರೀಡು (ಊದಿದಾಗ ಕಂಪಿಸುವ ತೆಳು ಪಟ್ಟಿ) ಇರುವ ಅದರ ತುದಿ ಮುಚ್ಚಿದಂತೆಯೇ ವರ್ತಿಸುತ್ತದೆ. ನಾದಸ್ವರದಲ್ಲೂ ರೀಡು ಉಂಟು, ಆದರೆ ಕೊಳವೆ ಶಂಕುವಿನಾಕಾರದ್ದಾದ್ದರಿಂದ ಅದು ಷಡ್ಜಕ್ಕೇ ಏರುತ್ತದೆ.

ಸಂಜೆಯ ಹೊತ್ತಿಗೆ ಆ್ಯಪ್ 275 ತೋರಿಸತೊಡಗಿತು. ನನ್ನ ಊದುವಿಕೆ ಪಳಗಿತೆಂದು ಹಿಗ್ಗಿದೆ. ಕಾಫಿ ಕುಡಿದು ಬಂದು ಊದಿದರೆ ಮತ್ತೆ 272. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಏರುತ್ತದೆ, ಅದರೊಂದಿಗೆ ಸ್ವರವೂ ಏರುತ್ತದೆ. ಉಸಿರಿನಿಂದ ಬೆಚ್ಚಗಾಗಿದ್ದ ಕೊಳವೆ ಅಷ್ಟರಲ್ಲಿ ತಣ್ಣಗಾಗಿತ್ತು.