‘ಮಲೆಗಳಲ್ಲಿ ಮದುಮಗಳು’ ಓದಿ ತೀರ್ಥಹಳ್ಳಿ ಕಡೆ ಹೊರಡುವವರಿಗೆ

ಕುವೆಂಪು ಕಾದಂಬರಿ ಓದಿ ಮುಗಿಸಿದವರಿಗೆ ಒಮ್ಮೆಯಾದರೂ ತೀರ್ಥಹಳ್ಳಿ ಕಡೆ ಹೋಗಬೇಕು ಅನ್ನಿಸದೇ ಇರುವುದಿಲ್ಲ. ಹೋದ ಮೇಲೆ ನನಗೆ ಆಶ್ಚರ್ಯವಾಗಿದ್ದು ದೂರದ ವಿಷಯದಲ್ಲಿ. ‘ಮಲೆಗಳಲ್ಲಿ ಮದುಮಗಳು’ ಓದುವಾಗ ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಪುಟಗಟ್ಟಲೆ ನಾವೂ ಕಾಡುದಾರಿ ತುಳಿಯುತ್ತೇವೆ, ಅಲ್ವಾ? ಅದೇ ಆಗುಂಬೆ ಬಸ್ಸಿನಲ್ಲಿ ಕೂತರೆ ಕಾದಂಬರಿಯಲ್ಲಿ ಬರುವ ಮೇಗರವಳ್ಳಿ ಬಂದಿದ್ದೂ ಗೊತ್ತಾಗುವುದಿಲ್ಲ, ಹೋಗಿದ್ದೂ ಗೊತ್ತಾಗುವುದಿಲ್ಲ. ಕಂಡಕ್ಟರ್‌ಗೆ ಮೊದಲೇ ಹೇಳಿ ಅಲ್ಲಿ ಇಳಿದುಬಿಡಿ. ಸುಮ್ನೆ ಒಂದಷ್ಟು ದೂರ ನಡೆಯಿರಿ. ಹಳ್ಳ ಕಾಣುವ ಮೊದಲೇ ಅದರ ಸದ್ದು ಕೇಳುತ್ತದೆ. ಮರಗಳ ಕೆಳಗೆ ಮಧ್ಯಾಹ್ನವೂ ಮಬ್ಬುಗತ್ತಲು. ಇಂಥ ಕಡೆ ಬರಿಗಾಲಲ್ಲಿ ಓಡಾಡಿದವರ ಎದೆಗಾರಿಕೆ ಎಂಥದ್ದು ಅಂತ ಆಗ ಅರ್ಥವಾಗುತ್ತದೆ.

ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ, ಕವಿಮನೆ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಅದರ ಹತ್ತಿರದ ಗುಡ್ಡ ಕವಿಶೈಲದ ಬಗ್ಗೆ. ಕಲ್ಲುಕಂಬಗಳ ಫೋಟೋ ತೆಗೆದು ಇಳಿದು ಬರಬೇಡಿ. ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ, ಕುವೆಂಪು ಹೆಸರು ಕೆತ್ತಿದೆ, ಹುಡುಕಿ ನೋಡಿ. ಆ ಅಕ್ಷರಗಳ ಮೇಲೆ ಬೆರಳಾಡಿಸಿದಾಗ ನನಗೆ ಕಣ್ಣು ತುಂಬಿತು.

ಸಿಟ್ಟು ಬಂದಿದ್ದು ಹೋಮ್‌ಸ್ಟೇ ಮೇಲೆ. ಫೋಟೋದಲ್ಲಿ ಅಡಿಕೆ ತೋಟದ ನಡುವೆ ಹೆಂಚಿನ ಮನೆ. ಹೋಗಿ ನೋಡಿದರೆ ರಸ್ತೆಗೆ ಅಂಟಿಕೊಂಡ ಶೀಟಿನ ರೂಮು, ಥಂಡಿ ಹಿಡಿದ ಹಾಸಿಗೆ, ಪಕ್ಕದಲ್ಲಿ ಮಧ್ಯರಾತ್ರಿವರೆಗೂ ಸ್ಪೀಕರ್. ಅದಕ್ಕೆ ಒಬ್ಬರಿಗೆ 2,200 ರೂಪಾಯಿ. ಕೇಳಿದರೆ, “ಹೆಂಚಿನ ಮನೆ ಯಜಮಾನರದ್ದು, ಗೆಸ್ಟಿಗಲ್ಲ” ಅಂದರು! ರೂಮಿನ ಒಳಗಿನ ವಿಡಿಯೋ ತರಿಸಿಕೊಳ್ಳದೆ ಅಡ್ವಾನ್ಸ್ ಹಾಕಬೇಡಿ. ಅದಕ್ಕಿಂತ ಪೇಟೆಯ ಸಾದಾ ಲಾಡ್ಜೇ ವಾಸಿ.

ಊಟ-ತಿಂಡಿಗೆ ಮಾತ್ರ ತೀರ್ಥಹಳ್ಳಿ ಪೇಟೆಯಲ್ಲಿ ಚಿಂತೆಯೇ ಇಲ್ಲ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ನಾಲ್ಕು ಬೆಂಚಿನ ಹೋಟೆಲ್, ಬೋರ್ಡೂ ಇಲ್ಲ. ಬೆಳಿಗ್ಗೆ ಕಡುಬು, ಕಾಯಿಚಟ್ನಿ, ಮಳೆಗಾಲವಾದ್ದರಿಂದ ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ. ಕಡುಬು ಮುರಿದರೆ ಒಳಗಿಂದ ಹಬೆ ಏಳುತ್ತಿತ್ತು. ಕಳಲೆಯಲ್ಲಿ ಕಹಿ ಚೂರೂ ಇರಲಿಲ್ಲ, ಹದವಾಗಿ ನೀರು ಬದಲಿಸಿ ನೆನೆಸಿದವರ ಕೈ ಅದು. “ಇನ್ನೊಂದು ಹಾಕ್ಲಾ?” ಅಂತ ಕೇಳುತ್ತಲೇ ಆ ಅಮ್ಮ ಹಾಕಿಬಿಡುತ್ತಾರೆ. ಇಬ್ಬರು ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ 110 ರೂಪಾಯಿ. ಒಂಬತ್ತು ಗಂಟೆ ಮೇಲೆ ಹೋದರೆ ಕಡುಬು ಖಾಲಿ.

ನನ್ನ ಕೇಳಿದರೆ ಮಳೆಗಾಲದಲ್ಲೇ ಹೋಗಿ. ಇಂಬಳ (ರಕ್ತ ಹೀರುವ ಕಾಡಿನ ಜಿಗಣೆ) ಹತ್ತುತ್ತದೆ, ಉಪ್ಪು ಇಟ್ಟುಕೊಂಡರೆ ಸಾಕು. ವಯಸ್ಸಾದವರು ಜೊತೆಗಿದ್ದರೆ ಡಿಸೆಂಬರ್ ಒಳ್ಳೆಯದು. ಆದರೆ 29ಕ್ಕೆ ಕುವೆಂಪು ಹುಟ್ಟಿದ ದಿನ, ಕುಪ್ಪಳಿಯಲ್ಲಿ ಜನ ಜಾಸ್ತಿ. ಗದ್ದಲ ಆಗದವರು ಒಂದು ವಾರ ಮೊದಲೇ ಹೋಗಿಬನ್ನಿ.